ಎಪ್ಪತ್ತು ವರ್ಷದ ಹಿಂದಿನ ಕೌಬಾಯ್ ಪಿಕ್ಚರ್ ಇವತ್ತಿಗೂ ಹಿಡಿದು ಕೂರಿಸುತ್ತದೆ, ಯಾಕೆ?

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಇಲ್ಲಿ ಹಳೇ ಸಿನಿಮಾ ನೋಡುವವರು ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಪ್ಪನಿಗೆ ಈಗ 78. ಕೌಬಾಯ್ ಪಿಕ್ಚರ್ ಅಂದರೆ ಅವರಿಗೆ ಪ್ರಾಣ. 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲ್‌ನಿಂದ ನಡೆದುಕೊಂಡೇ ಎಂ.ಜಿ. ರೋಡಿನ ಪ್ಲಾಜಾಕ್ಕೆ, ಬ್ರಿಗೇಡ್ ರೋಡಿನ ರೆಕ್ಸ್‌ಗೆ ಹೋಗುತ್ತಿದ್ದರಂತೆ. ಬಸ್ ಚಾರ್ಜ್ ಉಳಿಸಿದರೆ ಇಂಟರ್‌ವಲ್‌ನಲ್ಲಿ ಒಂದು ಸಮೋಸ ಸಿಗುತ್ತಿತ್ತು. ಈಗಲೂ ಪ್ರತಿ ಭಾನುವಾರ ಸಂಜೆ ಟಿವಿ ಅವರದ್ದೇ.

ಹೋದ ಭಾನುವಾರ 'ಹೈ ನೂನ್' ಹಾಕಿಕೊಂಡು ಕೂತಿದ್ದರು. 1952ರದ್ದು, ಕಪ್ಪು ಬಿಳುಪು. ನನ್ನ ಮಗ 10ನೇ ಕ್ಲಾಸ್. ಚಾರ್ಜರ್ ಹುಡುಕಿಕೊಂಡು ಹಾಲ್‌ಗೆ ಬಂದವನು ಅಲ್ಲೇ ನಿಂತ. ಹತ್ತು ನಿಮಿಷ ನಿಂತೇ ನೋಡಿದ. ಆಮೇಲೆ ತಾತನ ಕಾಲ ಹತ್ತಿರ ನೆಲದ ಮೇಲೆ ಕೂತ. ಮುಗಿಯುವವರೆಗೆ ಏಳಲಿಲ್ಲ. ಫೋನ್ ಚಾರ್ಜ್ ಇಲ್ಲದೆ ಟೇಬಲ್ ಮೇಲೆ ಬಿದ್ದಿತ್ತು. ಐದು ನಿಮಿಷದ ವಿಡಿಯೋವನ್ನೂ ಡಬಲ್ ಸ್ಪೀಡಲ್ಲಿ ನೋಡುವ ಹುಡುಗ ಇವನು!

ಕಥೆ ಇಷ್ಟೇ. ಒಬ್ಬ ಮಾರ್ಷಲ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಮದುವೆಯಾಗಿ, ಕೆಲಸ ಬಿಟ್ಟು, ಊರು ಬಿಡುವ ದಿನ. ಅವನು ಜೈಲಿಗೆ ಕಳಿಸಿದ್ದ ರೌಡಿ ಬಿಡುಗಡೆಯಾಗಿ ಮಧ್ಯಾಹ್ನ 12ರ ರೈಲಿಗೆ ಬರುತ್ತಿದ್ದಾನೆ. ಊರಿನಲ್ಲಿ ಯಾರೂ ಮಾರ್ಷಲ್ ಜೊತೆ ನಿಲ್ಲುವುದಿಲ್ಲ.

ಮಗನನ್ನು ಕೇಳಿದೆ, ಏನಿಷ್ಟ ಆಯ್ತೋ ಅಂತ. "ಗಡಿಯಾರ ತೋರಿಸ್ತಾನೇ ಇದ್ರು, ಏಳೋಕೇ ಆಗ್ಲಿಲ್ಲ" ಅಂದ. ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಓಡಿಹೋಗಬಹುದಿತ್ತು" ಅಂದರು. ಮತ್ತೇನೂ ಹೇಳಲಿಲ್ಲ.

ನಿಮಗೇನು ಅನಿಸುತ್ತದೆ? ಈ ಪಿಕ್ಚರ್‌ಗಳಲ್ಲಿ ಅಂಥದ್ದೇನಿದೆ?

ರೀಲು_ಡಬ್ಬಿ
ನಿಮ್ಮ ಮಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ಆ ಸಿನಿಮಾ ಸುಮಾರು 85 ನಿಮಿಷ. ಕಥೆಯ ಒಳಗೆ ಓಡುವ ಸಮಯವೂ ಹೆಚ್ಚು ಕಮ್ಮಿ ಅಷ್ಟೇ. ಬೆಳಿಗ್ಗೆ ಹತ್ತೂವರೆ ದಾಟಿದ ಮೇಲೆ ಶುರು, ಹನ್ನೆರಡಕ್ಕೆ ರೈಲು. ಗೋಡೆಯಲ್ಲಿ, ಆಫೀಸಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ನೋಡಿದರೂ ಗಡಿಯಾರ. ಮಧ್ಯೆ ಮಧ್ಯೆ ಖಾಲಿ ರೈಲು ಹಳಿ. ನೋಡುವವನೂ ಮಾರ್ಷಲ್ ಜೊತೆ ಕಾಯಲೇಬೇಕು. ಫ್ರೆಡ್ ಜಿನ್ನೆಮನ್ ನಿರ್ದೇಶನ. ಗ್ಯಾರಿ ಕೂಪರ್‌ಗೆ ನಟನೆಗೆ ಆಸ್ಕರ್ ಬಂತು, ಸಂಕಲನಕ್ಕೂ ಬಂತು, ಸಂಗೀತಕ್ಕೂ ಹಾಡಿಗೂ ಬಂತು.

ಒಂದು ಲೆಕ್ಕ ಹಾಕಿ ನೋಡಿ. ಗುಂಡು ಹಾರುವುದು ಕೊನೆಯ ಹತ್ತು ನಿಮಿಷ. ಮಿಕ್ಕಿದ್ದೆಲ್ಲ ಒಬ್ಬ ಮನುಷ್ಯ ಬೀದಿಯಲ್ಲಿ ನಡೆದು ಒಂದೊಂದೇ ಬಾಗಿಲು ತಟ್ಟುವುದು.

ಸಾಗರದ_ಅಡಿಕೆ
ನಿಮ್ಮಪ್ಪ ಹೇಳಿದ್ದರಲ್ಲಿ ಒಂದು ತಿದ್ದುಪಡಿ. ಅವನು ಓಡಿಹೋಗಬಹುದಿತ್ತು ಅಷ್ಟೇ ಅಲ್ಲ ಸರ್, ಹೊರಟೇ ಹೋಗಿದ್ದ. ಹೆಂಡತಿ ಪಕ್ಕದಲ್ಲಿ, ಕುದುರೆ ಗಾಡಿ ಊರಾಚೆ ದಾಟಿತ್ತು. ಅಲ್ಲಿ ನಿಲ್ಲಿಸಿ, ಯೋಚಿಸಿ, ಗಾಡಿ ತಿರುಗಿಸಿದ. ನನಗೆ ಇಡೀ ಸಿನಿಮಾ ಇರುವುದು ಆ ತಿರುಗಿಸುವುದರಲ್ಲಿ.

ಮಂಗಳೂರು_ಬಂದರು
ಹೌದು ಮಾರಾಯ್ರೆ. ಆ ಗಾಡಿ ತಿರುಗುವಾಗ ನನಗೆ ಪ್ರತಿ ಸಲ ಹೊಟ್ಟೆಯೊಳಗೆ ಒಂಥರಾ ಆಗ್ತದೆ.

ಕಪ್ಪುಮಣ್ಣು
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ. ಚಿಕ್ಕವನಿದ್ದಾಗ ನಾನೂ ಇವನ್ನೆಲ್ಲ ನೋಡಿದವನೇ. ಗುಡ್ಡದ ಮೇಲೆ 'ರೆಡ್ ಇಂಡಿಯನ್ನರು' ಸಾಲಾಗಿ ಕಾಣಿಸಿಕೊಂಡರೆ ಟಾಕೀಸಿನಲ್ಲಿ ಶಿಳ್ಳೆ. ಅವರು ಕುದುರೆಯಿಂದ ಉರುಳಿ ಬಿದ್ದರೆ ಚಪ್ಪಾಳೆ. ನಾನೂ ತಟ್ಟಿದ್ದೇನೆ. ದೊಡ್ಡವನಾದ ಮೇಲೆ 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀ ಅನ್ನುವ ಕಡೆ ಲಕೋಟಾ ಜನರನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಸೈನ್ಯ ಕೊಂದದ್ದನ್ನು ಓದಿದೆ. ಆ ಚಪ್ಪಾಳೆ ನೆನಪಾಗಿ ಅವತ್ತು ಊಟ ಸೇರಲಿಲ್ಲ.

ಅವರ ನೆಲ, ಅವರ ನೀರು. ಅವರನ್ನೇ ಕಳ್ಳರ ಹಾಗೆ ತೋರಿಸಿದ ಸಿನಿಮಾಗಳು ಒಂದೆರಡಲ್ಲ. ಅದನ್ನು ಬಿಟ್ಟು 'ಆಕರ್ಷಣೆ' ಬಗ್ಗೆ ಮಾತಾಡುವುದು ಹೇಗೆ?

ರೀಲು_ಡಬ್ಬಿ
ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ಆದರೆ 'ಹೈ ನೂನ್'ನಲ್ಲಿ ಆ ಥರದ ಯುದ್ಧವೇ ಇಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಅಂತ ನನ್ನ ಕೋರಿಕೆ.

ಕಪ್ಪುಮಣ್ಣು
ತುಂಬುತ್ತಿಲ್ಲ ಸರ್. ಅವರು ಕಾಣಿಸದೇ ಇರುವುದೂ ಒಂದು ಸಮಸ್ಯೆಯೇ ಅಲ್ವಾ? ಆ ಊರು ಯಾರ ಜಾಗದಲ್ಲಿ ಎದ್ದಿತು ಅಂತ ಸಿನಿಮಾ ಕೇಳುವುದಿಲ್ಲ.

ಪಾಠದ_ಮೇಡಂ
ಇತಿಹಾಸ ಕಲಿಸುವವಳು ನಾನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೌಬಾಯ್ ಅಂದರೆ ಪಿಸ್ತೂಲು ಅಂತ ನಮ್ಮ ತಲೆಯಲ್ಲಿ ಕೂತಿದೆ. ನಿಜದಲ್ಲಿ ಅವನು ದನಗಾಹಿ. 1860ರ ದಶಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸ್‌ನಲ್ಲಿ ದನ ಬೇಕಾದಷ್ಟು ಇದ್ದವು, ಕೊಳ್ಳುವವರು ಉತ್ತರ ಮತ್ತು ಪೂರ್ವದ ಪಟ್ಟಣಗಳಲ್ಲಿದ್ದರು. ಹತ್ತಿರದ ರೈಲು ನಿಲ್ದಾಣ ಕಾನ್ಸಾಸ್‌ನಲ್ಲಿ. ಅಲ್ಲಿಯವರೆಗೆ ಸಾವಿರಾರು ದನಗಳನ್ನು ಹೊಡೆದುಕೊಂಡು ಹೋಗಬೇಕು. ದಿನಕ್ಕೆ ಹತ್ತು ಹದಿನೈದು ಮೈಲಿ, ಎರಡು ಮೂರು ತಿಂಗಳು. ಧೂಳು, ಹೊಳೆ, ಸಿಡಿಲಿಗೆ ಬೆದರಿ ಓಡುವ ಹಿಂಡು. ಸಂಬಳ ತಿಂಗಳಿಗೆ ಸುಮಾರು 30-40 ಡಾಲರ್. ಇವರಲ್ಲಿ ಕಪ್ಪು ಜನರು, ಮೆಕ್ಸಿಕೋದವರು ಬಹಳ ಮಂದಿ ಇದ್ದರು. ಹಗ್ಗ ಬೀಸುವುದು, ಜೀನಿನ ವಿನ್ಯಾಸ, ಆ ಕೆಲಸದ ಎಷ್ಟೋ ಪದಗಳು ಮೆಕ್ಸಿಕೋದ ದನಗಾಹಿಗಳಿಂದ ಬಂದವು. ಹಳೆಯ ಸಿನಿಮಾ ಇವರನ್ನು ಬಹುಪಾಲು ಅಳಿಸಿಬಿಟ್ಟಿತು.

ಇದೆಲ್ಲ ನಡೆದದ್ದು ಇಪ್ಪತ್ತು ವರ್ಷ, ಅಷ್ಟೇ. 1874ರಲ್ಲಿ ಗ್ಲಿಡನ್ ಅನ್ನುವವನು ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು. ರೈಲು ಟೆಕ್ಸಾಸ್‌ಗೇ ಬಂತು. 1890ರ ಜನಗಣತಿ ಇನ್ನು ಗಡಿನಾಡು, ಅಂದರೆ ವಲಸಿಗರ ನೆಲೆ ಮುಟ್ಟದ ಬಯಲಿನ ಅಂಚು, ಅನ್ನುವುದು ಉಳಿದಿಲ್ಲ ಅಂತ ಬರೆಯಿತು. 1903ರಲ್ಲಿ 'ದಿ ಗ್ರೇಟ್ ಟ್ರೈನ್ ರಾಬರಿ' ಬಂತು, ಅದೂ ದೂರದ ನ್ಯೂಜೆರ್ಸಿಯಲ್ಲಿ ತೆಗೆದದ್ದು. ಕಾಲ ಮುಗಿದು ಹದಿಮೂರೇ ವರ್ಷಕ್ಕೆ ಅದು ಸಿನಿಮಾ ಆಯಿತು. ಕಳೆದುಹೋದದ್ದನ್ನು ಇನ್ನೂ ಕಣ್ಣಲ್ಲಿ ನೀರಿರುವಾಗಲೇ ಚಿತ್ರ ಬರೆದ ಹಾಗೆ. ಆ ದುಃಖ ಒಳ್ಳೆಯ ವೆಸ್ಟರ್ನ್‌ಗಳಲ್ಲೆಲ್ಲ (ಕೌಬಾಯ್ ಪಿಕ್ಚರ್‌ಗಳನ್ನು ಹಾಗೆ ಕರೆಯುತ್ತಾರೆ) ಇದೆ ಅಂತ ನನ್ನ ಅನಿಸಿಕೆ.

ಹುಬ್ಬಳ್ಳಿ_ಗಿರ್ಮಿಟ್
ಮೇಡಂ, ಹಂಗಾದ್ರ ಬೀದಿ ನಡುವೆ ಎದುರಾ ಬದುರಾ ನಿಂತು ಗುಂಡು ಹಾರಿಸೋದು ಸುಳ್ಳೇನ್ರಿ?

ಪಾಠದ_ಮೇಡಂ
ಆ ಥರ ನಡೆದದ್ದು ಬಹಳ ಕಡಿಮೆ. ಎಲ್ಲರಿಗೂ ಗೊತ್ತಿರುವ ಗುಂಡಿನ ಕಾಳಗ 1881ರ ಅಕ್ಟೋಬರ್ 26ರದ್ದು, ಅರಿಜೋನಾದ ಟೂಂಬ್‌ಸ್ಟೋನ್ ಊರಲ್ಲಿ. ಓ.ಕೆ. ಕೊರಾಲ್ ಅಂತ ಹೆಸರು ಬಂದಿದೆ, ಆದರೆ ನಡೆದದ್ದು ಆ ಕುದುರೆ ಲಾಯದ ಒಳಗಲ್ಲ, ಹತ್ತಿರದ ಒಂದು ಇಕ್ಕಟ್ಟಾದ ಖಾಲಿ ಸೈಟಿನಲ್ಲಿ. ಸುಮಾರು ಅರ್ಧ ನಿಮಿಷದಲ್ಲಿ ಮುಗಿಯಿತು. ಮೂವರು ಸತ್ತರು. ಜಗಳದ ಒಂದು ಕಾರಣ ಏನು ಗೊತ್ತಾ? ಊರೊಳಗೆ ಆಯುಧ ಹಿಡಿದು ಓಡಾಡಬಾರದು ಅನ್ನುವ ಅಲ್ಲಿನ ಕಾನೂನು.

ಅದರಲ್ಲಿದ್ದ ವಯಾಟ್ ಅರ್ಪ್ 1929ರವರೆಗೆ ಬದುಕಿದ್ದ, ಸತ್ತದ್ದು ಲಾಸ್ ಏಂಜಲೀಸ್‌ನಲ್ಲಿ. ಅಂದರೆ ಹಾಲಿವುಡ್ ತನ್ನ ಕಾಲದ ಕಥೆ ಹೇಳುವುದನ್ನು ಅವನೇ ಕಣ್ಣಾರೆ ಕಂಡ.

ಹುಬ್ಬಳ್ಳಿ_ಗಿರ್ಮಿಟ್
ಇದು ಗೊತ್ತಿರಲಿಲ್ರಿ. ಭಾಳ ಚೊಲೋ ಹೇಳಿದ್ರಿ.

ಹಳೇ_ಆಪರೇಟರ್
ನಾನು ತಾಲ್ಲೂಕು ಕೇಂದ್ರದ ಒಂದು ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಸಿನಿಮಾ ಪಂಡಿತ ಅಲ್ಲ. ಕಂಡದ್ದು ಹೇಳುತ್ತೇನೆ.

'ಮೆಕೆನ್ನಾಸ್ ಗೋಲ್ಡ್' 1969ರ ಪಿಕ್ಚರ್. ಅಮೆರಿಕದಲ್ಲಿ ಅಷ್ಟಾಗಿ ಓಡಲಿಲ್ಲ ಅಂತಾರೆ. ನಮ್ಮ ದೇಶದಲ್ಲಿ ವರ್ಷಗಟ್ಟಲೆ ಓಡಿತು. ನಮ್ಮೂರಿಗೆ ಪ್ರಿಂಟ್ ಬರುವಷ್ಟರಲ್ಲಿ ಗೆರೆ ಬಿದ್ದು ಇಡೀ ಪಿಕ್ಚರ್ ಮಳೆ ಸುರಿದ ಹಾಗೆ ಕಾಣುತ್ತಿತ್ತು. ಸೌಂಡ್ ಅರ್ಧ ಕೇಳುತ್ತಿರಲಿಲ್ಲ. ಕೇಳಿದರೂ ಇಂಗ್ಲಿಷ್ ಯಾರಿಗೆ ಬರಬೇಕು? ಆದರೂ ಗಾಂಧಿ ಕ್ಲಾಸ್ ಭರ್ತಿ. ಸಂತೆ ದಿನ ಬಂದ ರೈತರು ಎತ್ತಿನ ಗಾಡಿ ಹೊರಗೆ ಬಿಟ್ಟು ಒಳಗೆ ಬಂದು ಕೂರುತ್ತಿದ್ದರು.

ಕಿಂಡಿಯಿಂದ ನಾನು ಜನರನ್ನೇ ನೋಡುತ್ತಿದ್ದೆ. ಮಾತಿನ ಸೀನ್‌ನಲ್ಲಿ ಬೀಡಿ ಹಚ್ಚುತ್ತಿದ್ದರು. ಕುದುರೆ ಬಂದರೆ ಬೀಡಿ ಕೈಯಲ್ಲೇ ಉರಿಯುತ್ತಿತ್ತು. ಅವನು ಕುದುರೆಗೆ ನೀರು ಕುಡಿಸುವುದು, ಜೀನು ಬಿಗಿಯುವುದು, ಹೆಜ್ಜೆ ಗುರುತು ನೋಡುವುದು, ಇದೆಲ್ಲ ಅವರಿಗೆ ಗೊತ್ತಿರುವ ಕೆಲಸ. ಬೆಳಗಿನ ಸೂರ್ಯನಿಗೆ ಆ ಕಂಬದಂಥ ಬಂಡೆಯ ನೆರಳು ಉದ್ದ ಉದ್ದ ಆಗಿ ದಾರಿ ತೋರಿಸುತ್ತದಲ್ಲ, ಆಗ ಟಾಕೀಸಿನಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ನನಗೆ ತಿಳಿದ ಉತ್ತರ ಇದು: ಭಾಷೆ ಬೇಡದ ಕಥೆ. ಮುಖ, ಕೈ, ಬಯಲು ನೋಡಿದರೆ ಸಾಕು.

ಬೆಣ್ಣೆದೋಸೆ_ದಾವಣಗೆರೆ
ಸರ್, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. "ಆ ರಣಹದ್ದಿನ ಹಾಡು ನೆನಪಿದೆಯಾ ಕೇಳು" ಅಂದರು.

ಹಳೇ_ಆಪರೇಟರ್
ಮರೆಯುವುದುಂಟಾ! ಶುರುವಿನಲ್ಲೇ ಬರುತ್ತದೆ. ಆಕಾಶದಲ್ಲಿ ಹದ್ದು ಸುತ್ತುತ್ತದೆ, ಕೆಳಗೆ ಕಣಿವೆ. ಹುಡುಗರು ಪದ ಗೊತ್ತಿಲ್ಲದೆ ಬರೀ ರಾಗ ಗುನುಗುತ್ತಾ ಮನೆಗೆ ಹೋಗುತ್ತಿದ್ದರು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ರಾಮನಗರದ_ಬಂಡೆ
ಹದ್ದಿನ ಮಾತು ಬಂತಲ್ಲ, ನಾನು ಬರಲೇಬೇಕು. ನಮ್ಮೂರ ರಾಮದೇವರ ಬೆಟ್ಟದಲ್ಲಿ ನಿಜವಾದ ರಣಹದ್ದುಗಳಿವೆ, ಈಗ ಅದು ರಣಹದ್ದು ಧಾಮ. ಅದೇ ಬಂಡೆಗಳಲ್ಲಿ 1973ರಿಂದ 'ಶೋಲೆ' ಶೂಟಿಂಗ್ ನಡೆಯಿತು. ಪೂರ್ತಿ ಹಳ್ಳಿಯನ್ನೇ ಕಟ್ಟಿದ್ದರು. ನಮ್ಮ ತಾತ ಅಲ್ಲಿ ಕಲ್ಲು ಮಣ್ಣು ಹೊತ್ತಿದ್ದಾರೆ. 1975ರ ಆಗಸ್ಟ್ 15ಕ್ಕೆ ಸಿನಿಮಾ ಬಂತು. ಅದೂ ವೆಸ್ಟರ್ನೇ ಅಲ್ವಾ? ಪೊಲೀಸ್ ಇಲ್ಲದ ಊರು, ಕುದುರೆ ಮೇಲೆ ಬರುವ ಡಕಾಯಿತರು, ಬಾಡಿಗೆಗೆ ಬಂದ ಇಬ್ಬರು.

ಬೆಳಿಗ್ಗೆ ಆರಕ್ಕೆ ಬೆಟ್ಟ ಹತ್ತಿ ನೋಡಿ. ಬಂಡೆ ಕೆಂಪಾಗುವಾಗ ಅಮೆರಿಕಕ್ಕೆ ಹೋಗಬೇಕು ಅನಿಸುವುದಿಲ್ಲ.

ಮೈಸೂರು_ಮಲ್ಲಿಗೆಹೂ
ರೈಲಿನ ಸೀನ್ ಕೂಡ ಅಲ್ಲೇ ತೆಗೆದದ್ದಾ?

ರಾಮನಗರದ_ಬಂಡೆ
ಇಲ್ಲ ಅಕ್ಕ, ಅದು ಮುಂಬೈ-ಪುಣೆ ಲೈನಿನಲ್ಲಿ ಪನ್ವೇಲ್ ಹತ್ತಿರ. ಎಲ್ಲರೂ ಇಲ್ಲೇ ಅಂದುಕೊಂಡು ಹಳಿ ಹುಡುಕಲು ಬರುತ್ತಾರೆ.

ರೀಲು_ಡಬ್ಬಿ
ಇದೊಂದು ಒಳ್ಳೆಯ ಸರಪಳಿ, ಬಿಡಿಸಿ ಹೇಳುತ್ತೇನೆ. ಜಾನ್ ಫೋರ್ಡ್ ಅಮೆರಿಕದಲ್ಲಿ ವೆಸ್ಟರ್ನ್ ತೆಗೆದರು. ಜಪಾನಿನ ಕುರೊಸಾವಾ ಅವರನ್ನು ಗುರು ಅನ್ನುವ ಹಾಗೆ ಮೆಚ್ಚಿದ್ದರು. 1954ರಲ್ಲಿ 'ಸೆವೆನ್ ಸಮುರಾಯ್' ಮಾಡಿದರು. ಹಾಲಿವುಡ್ 1960ರಲ್ಲಿ ಅದನ್ನೇ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಮಾಡಿತು. ಕುರೊಸಾವಾ ಅವರ 1961ರ 'ಯೊಜಿಂಬೊ' ಇಟಲಿಯ ಸೆರ್ಜಿಯೊ ಲಿಯೋನೆ ಕೈಗೆ ಹೋಗಿ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಆಯಿತು. ಅನುಮತಿ ಕೇಳಿರಲಿಲ್ಲ, ಜಪಾನಿನವರು ಕೇಸು ಹಾಕಿದರು, ದುಡ್ಡು ಕೊಡಬೇಕಾಯಿತು. ಇವೆಲ್ಲ ಸೇರಿ ರಾಮನಗರದ ಬಂಡೆಗೆ ಬಂದವು. ಅಮೆರಿಕ, ಜಪಾನ್, ಇಟಲಿ, ಕೊನೆಗೆ ನಮ್ಮ ಮೈಸೂರು ರೋಡು.

ಶಿಳ್ಳೆ_ರಿಂಗ್‌ಟೋನ್
ಲಿಯೋನೆ ಹೆಸರು ಬಂತು, ಅಬ್ಬಾ! ನನಗೆ ವೆಸ್ಟರ್ನ್ ಅಂದರೆ ಎನ್ನಿಯೊ ಮೊರಿಕೋನೆ ಸಂಗೀತ. ಶಿಳ್ಳೆ, ಚಾಟಿ ಏಟು, ಗಂಟೆ, ಗಿಟಾರ್. ಇಬ್ಬರೂ ರೋಮ್‌ನಲ್ಲಿ ಪ್ರೈಮರಿ ಶಾಲೆಯಲ್ಲಿ ಒಂದೇ ಕ್ಲಾಸಿನವರು ಅಂತ ಗೊತ್ತಾ? ದೊಡ್ಡವರಾಗಿ ಮತ್ತೆ ಸೇರಿದರು. 1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಕೊನೆಯಲ್ಲಿ ಸ್ಮಶಾನ ಬರುತ್ತದಲ್ಲ, ಅದು ಸ್ಪೇನ್‌ನ ಬುರ್ಗೋಸ್ ಹತ್ತಿರ ಸೈನಿಕರ ಸಹಾಯದಿಂದ ಕಟ್ಟಿದ ಸೆಟ್. ಐದು ಸಾವಿರದಷ್ಟು ಸಮಾಧಿ. ಶೂಟಿಂಗ್ ಆದ ಮೇಲೆ ಹುಲ್ಲು ಬೆಳೆದು ಮುಚ್ಚಿಹೋಯಿತು. ಸುಮಾರು ಐವತ್ತು ವರ್ಷದ ನಂತರ ಅಭಿಮಾನಿಗಳೇ ಹಾರೆ ಗುದ್ದಲಿ ತಂದು, ರಜಾ ದಿನ ಬಂದು, ಮಣ್ಣು ತೆಗೆದು ಮತ್ತೆ ಎಬ್ಬಿಸಿದರು. ಸುಳ್ಳು ಸಮಾಧಿಗಳಿಗೆ ಇಷ್ಟು ಪ್ರೀತಿ! ಆಕರ್ಷಣೆಗೆ ಇದಕ್ಕಿಂತ ಸಾಕ್ಷಿ ಬೇಕಾ?

ಸಾಗರದ_ಅಡಿಕೆ
ಅದು 'ಸ್ಪಾಗೆಟ್ಟಿ', ಅಂದರೆ ಇಟಲಿಯವರು ಮಾಡಿದ ವೆಸ್ಟರ್ನ್. ಪ್ರಶ್ನೆ ಸಾಂಪ್ರದಾಯಿಕ ವೆಸ್ಟರ್ನ್ ಬಗ್ಗೆ. ಲಿಯೋನೆ ಸಿನಿಮಾದಲ್ಲಿ ದುಡ್ಡಿಗಾಗಿ ಎಲ್ಲರೂ ಹೊಡೆದಾಡುತ್ತಾರೆ. ಗಾಡಿ ತಿರುಗಿಸಿಕೊಂಡು ಬರುವವನು ಅಲ್ಲಿಲ್ಲ.

ಶಿಳ್ಳೆ_ರಿಂಗ್‌ಟೋನ್
ಇಲ್ಲ ಅಂತ ಹೇಗೆ ಹೇಳ್ತೀರಿ? 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್'ನಲ್ಲೇ ನಾಯಕ ಒಂದು ಹೆಂಗಸು, ಗಂಡ, ಮಗುವನ್ನು ಬಿಡಿಸಿ, ಇದ್ದ ದುಡ್ಡೂ ಕೊಟ್ಟು ಕಳಿಸುತ್ತಾನೆ. ಅದಕ್ಕಾಗಿ ಒದೆ ತಿಂದು ನೆಲದ ಮೇಲೆ ತೆವಳುತ್ತಾನೆ. ಮಾತು ಕಡಿಮೆ, ಅಷ್ಟೇ. ಒಳಗಿನ ಮನುಷ್ಯ ಅದೇ.

ಸಾಗರದ_ಅಡಿಕೆ
ಸರಿ, ಆ ಸೀನ್ ಮರೆತಿದ್ದೆ. ಅದೊಂದು ಒಪ್ಪಿದೆ.

ಶಿಕಾರಿಪುರ_ವೀರಗಲ್ಲು
ಪಾಠದ ಮೇಡಂ 'ದನಗಾಹಿ' ಅಂದಾಗಿನಿಂದ ಒಂದು ಮಾತು ಬಾಯಲ್ಲಿದೆ. ದನ ಕದಿಯುವವರು, ಅಡ್ಡ ನಿಂತು ಸಾಯುವವನು. ಇದು ನಮಗೆ ಹೊಸದಾ?

ನಮ್ಮ ಶಿಕಾರಿಪುರ, ಸೊರಬದ ಕಡೆ ಬನ್ನಿ. ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ, ದೇವಸ್ಥಾನದ ಹಿಂದೆ, ಎಲ್ಲಿ ನೋಡಿದರೂ ವೀರಗಲ್ಲು. ಅದರಲ್ಲಿ ಎಷ್ಟೋ ಕಲ್ಲು ತುರುಗೋಳಿನವು. ಪಕ್ಕದ ಊರಿನವರೋ ಶತ್ರು ಸೈನ್ಯವೋ ಊರ ದನ ಹೊಡೆದುಕೊಂಡು ಹೋಗುತ್ತಾರೆ. ಒಬ್ಬ ಬೆನ್ನಟ್ಟುತ್ತಾನೆ. "ತುರುವಂ ಮಗುಳ್ಚಿ" ಸತ್ತ ಅಂತ ಬರೆದಿರುತ್ತದೆ, ಅಂದರೆ ದನ ವಾಪಸ್ ತಂದು ಸತ್ತ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕೆಲವದರಲ್ಲಿ ಪುಟ್ಟ ಪುಟ್ಟ ಹಸುಗಳೂ ಇರುತ್ತವೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಕೈಲಾಸ. ಮೂರೇ ಚಿತ್ರದಲ್ಲಿ ಇಡೀ ಕಥೆ. ಸಾವಿರ ವರ್ಷದ ಹಿಂದೆ ನಮ್ಮ ಕಲ್ಲುಕುಟಿಗ ಮಾಡಿಟ್ಟಿದ್ದಾನೆ.

ವಿರಾಟಪರ್ವದ ಗೋಗ್ರಹಣ ನೆನಪಿಸಿಕೊಳ್ಳಿ. ಅಲ್ಲೂ ದನ ಕಳವು. ಉತ್ತರ ಒಲೆಯ ಮುಂದೆ ಪೌರುಷ ತೋರಿಸಿ, ಸೈನ್ಯ ಕಂಡೊಡನೆ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆ ಹಿಡಿದು ತಂದು ರಥ ತಿರುಗಿಸುತ್ತಾಳೆ. ಹೈ ನೂನ್ ಊರಿನ ಜನರೆಲ್ಲ ಉತ್ತರರು. ಗಾಡಿ ತಿರುಗಿಸಿದವನು ಒಬ್ಬನೇ.

ಸಾಗರದ_ಅಡಿಕೆ
ಮೈ ಜುಮ್ ಅಂತು. ಗದ್ದೆ ಪಕ್ಕದ ಕಲ್ಲನ್ನು ದಿನಾ ನೋಡುತ್ತೇನೆ, ಒಂದು ದಿನವೂ ಹೀಗೆ ಯೋಚಿಸಿರಲಿಲ್ಲ.

ಕಪ್ಪುಮಣ್ಣು
ಒಳ್ಳೆಯ ಮಾತು ಹೇಳಿದ್ದೀರಿ. ಆದರೆ ಒಂದು ವ್ಯತ್ಯಾಸ ಇಟ್ಟುಕೊಳ್ಳೋಣ. ವೀರಗಲ್ಲಿನವನು ತನ್ನ ಊರಿನ ದನಕ್ಕಾಗಿ ಸತ್ತ. ವೆಸ್ಟರ್ನ್ ನಾಯಕ ನಿಂತಿರುವ ನೆಲ ಇನ್ನೊಬ್ಬರದ್ದು.

ಆಸ್ಟಿನ್_ಕನ್ನಡಿಗ
ಕಪ್ಪುಮಣ್ಣು ಸರ್ ಅವರ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ಟೆಕ್ಸಾಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಎರಡು ವರ್ಷದ ಹಿಂದೆ ಕುಟುಂಬ ಸಮೇತ ಕಾರಿನಲ್ಲಿ ಮಾನ್ಯುಮೆಂಟ್ ವ್ಯಾಲಿಗೆ ಹೋದೆವು. ಜಾನ್ ಫೋರ್ಡ್ 1939ರ 'ಸ್ಟೇಜ್‌ಕೋಚ್'ನಿಂದ ಶುರು ಮಾಡಿ ಮತ್ತೆ ಮತ್ತೆ ಅಲ್ಲೇ ಸಿನಿಮಾ ತೆಗೆದರು. ಅರಿಜೋನಾ ಮತ್ತು ಯೂಟಾ ಗಡಿ. ಕೆಂಪು ಬಯಲಿನಲ್ಲಿ ಗೋಪುರದ ಹಾಗೆ ಒಂಟಿ ಒಂಟಿ ಬಂಡೆಗಳು. ಕಾರಿನಿಂದ ಇಳಿದಾಗ ನನ್ನ ಹೆಂಡತಿ ಮಾತೇ ಆಡಲಿಲ್ಲ. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ.

ಅದು ನವಾಹೋ ಜನರ ನೆಲ, ಪಾರ್ಕ್ ನಡೆಸುವವರೂ ಅವರೇ. ನಮ್ಮನ್ನು ಜೀಪಿನಲ್ಲಿ ಕರೆದೊಯ್ದವರು ಐವತ್ತು ದಾಟಿದ ನವಾಹೋ ಹೆಂಗಸು. 'ಜಾನ್ ಫೋರ್ಡ್ ಪಾಯಿಂಟ್' ಅಂತ ಒಂದು ಜಾಗ ಇದೆ, ಅಲ್ಲಿ ನಿಲ್ಲಿಸಿದರು. ತಮ್ಮ ಅಜ್ಜ ಆ ಸಿನಿಮಾಗಳಲ್ಲಿ ಕುದುರೆ ಓಡಿಸಿದ್ದರು ಅಂದರು. ನವಾಹೋ ಜನ ಒಂದು ಸಿನಿಮಾದಲ್ಲಿ ಅಪಾಚೆ, ಇನ್ನೊಂದರಲ್ಲಿ ಕಮಾಂಚೆ, ಮತ್ತೊಂದರಲ್ಲಿ ಶಯೆನ್. ಮುಖ್ಯ ಪಾತ್ರ ಮಾತ್ರ ಬೇರೆಯವರಿಗೆ. 'ದಿ ಸರ್ಚರ್ಸ್'ನ ಕಮಾಂಚೆ ನಾಯಕನ ಪಾತ್ರ ಮಾಡಿದವರು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ನಾನು ಆಕೆಯನ್ನು ಕೇಳಿದೆ, ಆ ಸಿನಿಮಾಗಳನ್ನು ನೋಡಿದರೆ ಸಿಟ್ಟು ಬರುವುದಿಲ್ಲವಾ ಅಂತ. "ಬರುತ್ತದೆ. ಆದರೆ ಅಜ್ಜ ಎಲ್ಲಿ ಬರುತ್ತಾರೆ ಅಂತ ಹುಡುಕುತ್ತಾ ನೋಡುತ್ತೇನೆ" ಅಂದರು.

ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

ಕಪ್ಪುಮಣ್ಣು
ತುಂಬಾ ಥ್ಯಾಂಕ್ಸ್ ಸರ್. ಇದನ್ನು ಓದಿ ನಾನೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮೈಸೂರು_ಮಲ್ಲಿಗೆಹೂ
ಹೆಂಗಸರ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ! 'ಹೈ ನೂನ್'ನಲ್ಲೇ ಇಬ್ಬರಿದ್ದಾರೆ. ಮದುಮಗಳು ಏಮಿ, ಗ್ರೇಸ್ ಕೆಲ್ಲಿ ಮಾಡಿದ್ದು. ಹಿಂಸೆ ಬೇಡ ಅನ್ನುವ ಕ್ವೇಕರ್ ಪಂಥದವಳು. ಇನ್ನೊಬ್ಬಳು ಹೆಲೆನ್, ಮೆಕ್ಸಿಕೋದ ಕೇಟಿ ಹುರಾಡೊ ಮಾಡಿದ್ದು. ಸ್ವಂತ ವ್ಯಾಪಾರ ಇರುವವಳು, ಊರಿನ ಗಂಡಸರನ್ನೆಲ್ಲ ಅಳೆದು ಇಟ್ಟವಳು. ಆ ಸಿನಿಮಾಗೆ ಹುರಾಡೊಗೆ ಗೋಲ್ಡನ್ ಗ್ಲೋಬ್ ಬಂತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಮಾತಾಡುವ ದೃಶ್ಯ ಆ ಸಿನಿಮಾದಲ್ಲೇ ನನಗೆ ಇಷ್ಟ. ಕೊನೆಗೆ ಗಂಡನ ಜೀವ ಉಳಿಯುವುದೂ ಏಮಿ ಬಂದೂಕು ಎತ್ತಿದ್ದರಿಂದ. ನಿಜವಾಗಿ ಗಾಡಿ ತಿರುಗಿಸಿದವಳು ಅವಳೂ ಹೌದು. ರೈಲು ಹತ್ತಿದ್ದಳು, ಗುಂಡಿನ ಸದ್ದು ಕೇಳಿ ಇಳಿದು ಓಡಿ ಬಂದಳು.

ಸಾಗರದ_ಅಡಿಕೆ
ಅಕ್ಕ, ಎಷ್ಟು ಸಲ ನೋಡಿದ್ದೇನೆ, ಇದನ್ನು ಹೀಗೆ ನೋಡಿರಲಿಲ್ಲ. ಸರಿಯಾಗಿ ಹೇಳಿದಿರಿ.

ಟೀ_ಬಿಸ್ಕತ್ತು
ವಿಷಯ ಸ್ವಲ್ಪ ಬೇರೆ. ಈ ಕೌಬಾಯ್‌ಗಳು ರಾತ್ರಿ ಬೆಂಕಿ ಸುತ್ತ ಕೂತು ತಟ್ಟೆಯಲ್ಲಿ ತಿನ್ನುವುದೇನು? ಚಿಕ್ಕಂದಿನಿಂದ ಕುತೂಹಲ. ನೋಡಿದರೆ ಹಸಿವಾಗುತ್ತದೆ.

ಪಾಠದ_ಮೇಡಂ
ಹುರುಳಿಯಂಥ ಬೇಯಿಸಿದ ಬೀನ್ಸ್ ಕಾಳು, ಉಪ್ಪು ಹಚ್ಚಿದ ಹಂದಿ ಮಾಂಸ, ಹುಳಿ ಹಿಟ್ಟಿನ ರೊಟ್ಟಿ, ಗಟ್ಟಿ ಕಾಫಿ. ಅಡುಗೆಯ ಗಾಡಿಯನ್ನು 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಅನ್ನುವ ದನದ ಮಾಲೀಕ ಮಾಡಿಸಿದ. ಹಿಂದೆ ಡ್ರಾಯರ್ ಇರುವ ಪೆಟ್ಟಿಗೆ, ಅದರ ಬಾಗಿಲು ಕೆಳಗೆ ಮಡಚಿದರೆ ಅದೇ ಮೇಜು.

ಹುಬ್ಬಳ್ಳಿ_ಗಿರ್ಮಿಟ್
ನಮ್ಮ ಕುರಿಗಾರರು ಅಡವಿಯೊಳಗ ರೊಟ್ಟಿ ಬುತ್ತಿ ಬಿಚ್ಚಿ ಕುಂತಂಗ. ಕುರಿಗಾರರ ಬಗ್ಗೆ ಯಾರಾದ್ರೂ ಇಂಥಾ ಪಿಕ್ಚರ್ ಮಾಡಬೇಕ್ರಿ.

ಟೀ_ಬಿಸ್ಕತ್ತು
ಕನ್ನಡದಲ್ಲಿ ಕೌಬಾಯ್ ಸಿನಿಮಾ ಬಂದಿದೆಯಲ್ಲ?

ಹಳೇ_ಆಪರೇಟರ್
ಬಂದಿದೆ. 70ರ ದಶಕದಲ್ಲಿ ದ್ವಾರಕೀಶ್ ಅವರ 'ಕೌಬಾಯ್ ಕುಳ್ಳ'. ತೆಲುಗಿನಲ್ಲಿ 1971ರಲ್ಲಿ ಕೃಷ್ಣ ಅವರ 'ಮೋಸಗಾಳ್ಳಕು ಮೋಸಗಾಡು', ಅದು ಭರ್ಜರಿ ಓಡಿತು. ನಮ್ಮೂರಿನ ದರ್ಜಿ ಆ ವರ್ಷ ಜಾತ್ರೆಗೆ ಎಷ್ಟೋ ಹುಡುಗರಿಗೆ ತೋಳಿನ ಕೆಳಗೆ ಜಾಲರಿ ಇರುವ ಅಂಗಿ ಹೊಲಿದು ಕೊಟ್ಟ.

ರೀಲು_ಡಬ್ಬಿ
ಮತ್ತೆ ವಿಷಯಕ್ಕೆ. 'ಹೈ ನೂನ್' ಎಲ್ಲರಿಗೂ ಇಷ್ಟ ಆಗಿರಲಿಲ್ಲ. ಕೌಬಾಯ್ ಪಾತ್ರಗಳಿಗೆ ಹೆಸರಾದ ನಟ ಜಾನ್ ವೇಯ್ನ್‌ಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮಾರ್ಷಲ್ ಆದವನು ಊರವರ ಬಳಿ ಸಹಾಯ ಬೇಡುತ್ತಾ ತಿರುಗುವುದೇನು ಅಂತ. ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೂ ಅದೇ ಅಭಿಪ್ರಾಯ. ಇಬ್ಬರೂ ಸೇರಿ 1959ರಲ್ಲಿ ಉತ್ತರ ಅನ್ನುವ ಹಾಗೆ 'ರಿಯೊ ಬ್ರಾವೊ' ಮಾಡಿದರು. ಅದರಲ್ಲಿ ಪೊಲೀಸ್ ಅಧಿಕಾರಿಯಾದ ಶೆರೀಫ್ ಸಹಾಯ ಬೇಡ ಅನ್ನುತ್ತಾನೆ. ಬರುವವರು ಒಬ್ಬ ಕುಡುಕ, ಒಬ್ಬ ಕುಂಟು ಮುದುಕ, ಒಬ್ಬ ಎಳೆಯ ಯುವಕ.

ಇದರ ಹಿಂದೆ ದೊಡ್ಡ ಕಥೆ ಇದೆ. 'ಹೈ ನೂನ್' ಬರೆದ ಕಾರ್ಲ್ ಫೋರ್ಮನ್ ಅವರನ್ನು 1951ರಲ್ಲಿ, ಆ ಸಿನಿಮಾ ತಯಾರಾಗುವಾಗಲೇ, ಕಮ್ಯುನಿಸ್ಟರನ್ನು ಹುಡುಕುವ ಸಂಸತ್ ಸಮಿತಿ ಕರೆಯಿತು. ಅವರು ಗೆಳೆಯರ ಹೆಸರು ಹೇಳಲಿಲ್ಲ. ಆಮೇಲೆ ಹಾಲಿವುಡ್‌ನಲ್ಲಿ ಕೆಲಸ ಸಿಗಲಿಲ್ಲ, ಇಂಗ್ಲೆಂಡಿಗೆ ಹೋದರು. ಒಂದೊಂದೇ ಬಾಗಿಲು ಮುಚ್ಚುವುದು ಅವರ ಸ್ವಂತ ಅನುಭವ. ಅದಕ್ಕೇ ಆ ಸಿನಿಮಾ ಸುಡುತ್ತದೆ.

ಶಿಕಾರಿಪುರ_ವೀರಗಲ್ಲು
ಇದು ಗೊತ್ತಾದ ಮೇಲೆ ಚರ್ಚಿನ ದೃಶ್ಯ ಮತ್ತೆ ನೋಡಬೇಕು. ಎಲ್ಲರೂ ಒಳ್ಳೆಯ ಮಾತಾಡುತ್ತಾರೆ, ಒಬ್ಬರೂ ಎದ್ದು ಹೋಗುವುದಿಲ್ಲ.

ಆಸ್ಟಿನ್_ಕನ್ನಡಿಗ
ಆ ಸಿನಿಮಾ ಎಲ್ಲಿಯವರೆಗೆ ಹೋಯಿತು ನೋಡಿ. 1989ರ ಜೂನ್ 4ರಂದು ಪೋಲೆಂಡಿನಲ್ಲಿ ಚುನಾವಣೆ. ಕಮ್ಯುನಿಸ್ಟ್ ಆಡಳಿತದ ವಿರುದ್ಧ ನಿಂತ ಸಾಲಿಡಾರಿಟಿ ಸಂಘಟನೆಯ ಪೋಸ್ಟರ್‌ನಲ್ಲಿ ಗ್ಯಾರಿ ಕೂಪರ್ ನಡೆದು ಬರುತ್ತಿದ್ದಾರೆ. ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ. ಎದೆಯ ಮೇಲೆ ಸಂಘಟನೆಯ ಹೆಸರು. ಅಮೆರಿಕದಲ್ಲಿ ಕಮ್ಯುನಿಸ್ಟ್ ಅಂತ ಅನುಮಾನಕ್ಕೆ ಸಿಕ್ಕಿದವರು ಬರೆದ ಕಥೆ, ಅಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಜನಕ್ಕೆ ಧೈರ್ಯ ಕೊಟ್ಟಿತು. ಒಂಟಿಯಾಗಿ ಬೀದಿಗಿಳಿದವನ ಚಿತ್ರ ಯಾರಿಗೆ ಬೇಕಾದರೂ ಸೇರುತ್ತದೆ.

ಬೆಣ್ಣೆದೋಸೆ_ದಾವಣಗೆರೆ
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅಪ್ಪ ಮತ್ತು ಮಗನಿಗೆ ಓದಿ ಹೇಳಿದೆ. ವೀರಗಲ್ಲಿನ ಮಾತಿಗೆ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಈ ಭಾನುವಾರ ಮಗನೇ ಕೇಳಿ 'ದಿ ಸರ್ಚರ್ಸ್' ಹಾಕಿಸಿದ. 1956ರದ್ದು, ಬಣ್ಣದ್ದು. ಕಪ್ಪುಮಣ್ಣು ಸರ್ ಹೇಳಿದ್ದು ಅವನ ತಲೆಯಲ್ಲಿತ್ತು. ಮಧ್ಯದಲ್ಲಿ ನಿಲ್ಲಿಸಿ, "ತಾತ, ಇವನು ಹೀರೋನಾ? ಇವನಿಗೆ ಅವರ ಮೇಲೆ ಎಷ್ಟು ದ್ವೇಷ ನೋಡು" ಅಂದ. ಅಪ್ಪ, "ಹೌದು. ನಾನು ಮೊದಲ ಸಲ ನೋಡಿದಾಗ ಅದು ಕಾಣಿಸಿರಲಿಲ್ಲ" ಅಂದರು. ಇಬ್ಬರೂ ಅರ್ಧ ಗಂಟೆ ಅದೇ ಮಾತಾಡಿದರು. ಆಮೇಲೆ ಮುಂದುವರಿಸಿದರು.

ಕೊನೆಯಲ್ಲಿ ಎಲ್ಲರೂ ಮನೆಯೊಳಗೆ ಹೋಗುತ್ತಾರೆ. ಜಾನ್ ವೇಯ್ನ್ ಒಬ್ಬನೇ ಬಾಗಿಲ ಆಚೆ ಉಳಿಯುತ್ತಾನೆ, ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು. ತಿರುಗಿ ಬಯಲಿಗೆ ನಡೆಯುತ್ತಾನೆ. ಬಾಗಿಲು ಮುಚ್ಚುತ್ತದೆ. ಮಗ ಕೇಳಿದ, ಅವನು ಯಾಕೆ ಒಳಗೆ ಬರಲಿಲ್ಲ ಅಂತ. ಅಪ್ಪ ಉತ್ತರ ಕೊಡಲಿಲ್ಲ.

ರೀಲು_ಡಬ್ಬಿ
ಆ ಕೈ ಹಿಡಿದುಕೊಳ್ಳುವುದು ಹ್ಯಾರಿ ಕ್ಯಾರಿ ಅನ್ನುವ ಮೂಕಿ ಕಾಲದ ಕೌಬಾಯ್ ನಟನ ಭಂಗಿ. ಅವರು ಆಗ ತೀರಿಕೊಂಡಿದ್ದರು. ಅವರ ಹೆಂಡತಿ ಆಲಿವ್ ಕ್ಯಾರಿ ಅದೇ ಸಿನಿಮಾದಲ್ಲಿ ಆ ಮನೆಯ ಯಜಮಾನಿಯ ಪಾತ್ರ ಮಾಡಿದ್ದಾರೆ. ಅವರ ನೆನಪಿಗಾಗಿ ವೇಯ್ನ್ ಹಾಗೆ ನಿಂತರು. ಮಗನಿಗೆ ಹೇಳಿ.

ಮಂಗಳೂರು_ಬಂದರು
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಇನ್ನು ಆ ದೃಶ್ಯ ಬೇರೆಯೇ ಥರ ಕಾಣ್ತದೆ.

ಕಪ್ಪುಮಣ್ಣು
ನಿಮ್ಮ ಮಗನಿಗೆ ನನ್ನ ಕಡೆಯಿಂದ ಒಂದು ಮಾತು: ಹಾಗೇ ಕೇಳುತ್ತಾ ನೋಡು ಮರಿ. 1990ರ 'ಡಾನ್ಸಸ್ ವಿತ್ ವುಲ್ವ್ಸ್' ಹಾಕಿ. ಲಕೋಟಾ ಜನ ಅವರ ಭಾಷೆಯಲ್ಲೇ ಮಾತಾಡುತ್ತಾರೆ. ಅಲ್ಲೂ ನಾಯಕ ಬಿಳಿಯನೇ, ಆದರೂ ನೋಡಬೇಕಾದ್ದು. ನಾನು ಎಷ್ಟೋ ವರ್ಷದ ನಂತರ ಈ ವಾರ ಮತ್ತೆ 'ಹೈ ನೂನ್' ನೋಡಿದೆ. ಗಾಡಿ ತಿರುಗುವಾಗ ನನಗೂ ಎದೆ ಹಿಡಿದ ಹಾಗಾಯಿತು.

ಬೆಣ್ಣೆದೋಸೆ_ದಾವಣಗೆರೆ
ಖಂಡಿತ ಹಾಕುತ್ತೇನೆ ಸರ್. ಆದರೆ ಮುಂದಿನ ಭಾನುವಾರಕ್ಕೆ 'ರಿಯೊ ಬ್ರಾವೊ' ಆಗಲೇ ನಿಗದಿಯಾಗಿದೆ. ಮಗನ ಮೂವರು ಗೆಳೆಯರೂ ಬರುತ್ತಾರಂತೆ. ಅಪ್ಪ ಒಂದು ಶರ್ಟು ಇಸ್ತ್ರಿ ಮಾಡಿಸಿ ಈಗಲೇ ಹ್ಯಾಂಗರಿಗೆ ಹಾಕಿಟ್ಟಿದ್ದಾರೆ. ನಮ್ಮ ಹಾಲ್‌ನಲ್ಲಿ ನೋಡುವುದಕ್ಕೆ ಶರ್ಟು ಯಾಕಪ್ಪಾ ಅಂದರೆ, "ಪ್ಲಾಜಾಕ್ಕೆ ಹಾಗೇ ಹೋಗ್ತಿದ್ದೆ" ಅಂದರು. ಸಮೋಸ ಎಷ್ಟು ತರಬೇಕು ಅಂತ ಲೆಕ್ಕ ಹಾಕುತ್ತಿದ್ದೇನೆ.